ಮಾವುತನಿಲ್ಲದ ಸೆರೆ: ಸರೀಸೃಪ ಪ್ರಭುಗಳ ಒಂದು ಚಿತ್ರಕಥೆಯನ್ನು ಕುರಿತು

೧

ವಿಮರ್ಶೆಯ ಕಣ್ಣಿಗೆ ಬೀಳದೆ ಹೋಗುವ ಬರೆಹಗಳಲ್ಲಿ ಚಿತ್ರಕಥೆಗಳದು ಮೊದಲ ಸಾಲು. ಅವು ಮಕ್ಕಳ ಓದಿಗೆ ಮೀಸಲಾದವೆಂದೂ, ಒಂದು ವಾರ ಬಾಳಿ ಮರುವಾರ ರದ್ದಿಗೆ ಸೇರತಕ್ಕವೆಂದೂ ಪಂಡಿತರು ಅವುಗಳನ್ನು ಬದಿಗಿರಿಸುವುದುಂಟು. ಆದರೆ ಒಂದು ಕಾಲದ ಜನ ಯಾವುದಕ್ಕೆ ಅಂಜುತ್ತಾರೆ, ಯಾವುದನ್ನು ಮರೆಯಬಯಸುತ್ತಾರೆ ಎಂಬುದು ಉದ್ದಾಮ ಕೃತಿಗಳಲ್ಲಿ ಕಾಣುವಂತೆಯೇ ಈ ಕಿರುಬರೆಹಗಳಲ್ಲಿಯೂ ಕಾಣುತ್ತದೆ. ಒಮ್ಮೊಮ್ಮೆ, ಮರೆಮಾಚುವ ಕೌಶಲ ಅವಕ್ಕೆ ಕಡಮೆಯಾದ ಕಾರಣ, ಹೆಚ್ಚು ಸ್ಪಷ್ಟವಾಗಿಯೇ ಕಾಣುತ್ತದೆ.

ಪ್ರಕೃತ ಲೇಖನದಲ್ಲಿ ನಾವು ಎತ್ತಿಕೊಂಡಿರುವುದು ಅಂಥ ಒಂದು ಕಿರುಕೃತಿಯನ್ನು. ೧೯೮೦ರಲ್ಲಿ ಇಂಗ್ಲೆಂಡಿನ ‘ಡಾಕ್ಟರ್ ಹೂ ವೀಕ್ಲಿ’ ಎಂಬ ವಾರಪತ್ರಿಕೆಯಲ್ಲಿ ‘ಟ್ವಿಲೈಟ್ ಆಫ್ ದಿ ಸೈಲೂರಿಯನ್ಸ್’ ಎಂಬ ಚಿತ್ರಕಥೆ ಎರಡು ಕಂತುಗಳಾಗಿ ಪ್ರಕಟವಾಯಿತು. ಹೆಸರನ್ನು ಕನ್ನಡದಲ್ಲಿ ‘ಸೈಲೂರಿಯನ್ನರ ಮುಸ್ಸಂಜೆ’ ಎನ್ನಬಹುದು. ಕಥೆ ಸ್ಟೀವ್ ಮೂರ್ ಅವರದು. ಕಪ್ಪುಬಿಳುಪು ಚಿತ್ರಗಳು ಡೇವಿಡ್ ಲಾಯ್ಡ್ ಅವರವು. ಲಾಯ್ಡ್ ಅವರು ಮುಂದೆ ‘ವಿ ಫಾರ್ ವೆಂಡೆಟಾ’ ಎಂಬ ಚಿತ್ರಕಥೆಯಿಂದ ಪ್ರಸಿದ್ಧರಾದರು. ಮನುಷ್ಯನು ಹುಟ್ಟುವುದಕ್ಕೆ ಎಷ್ಟೋ ಮುಂಚೆ ಬುದ್ಧಿಶಾಲಿಗಳಾದ ಸರೀಸೃಪಗಳು ಈ ಭೂಮಿಯನ್ನು ಆಳುತ್ತಿದ್ದವು. ನಮ್ಮ ಪೂರ್ವಜರಾದ ವಾನರರು ಅವುಗಳ ಸೆರೆಯಲ್ಲಿದ್ದರು. ಆ ಪ್ರಭುಗಳ ಯುಗವು ಮುಗಿಯುವ ಹೊತ್ತು ಬಂದಿತು. ಕಥೆಯ ಬೀಜವಿಷ್ಟೇ.

ಈ ಬೀಜವನ್ನು ನಾವು ದುಬಾರೆಯ ಕಡೆಯಿಂದ ಪರಿಶೀಲಿಸಬಯಸುತ್ತೇವೆ. ಇಂಗ್ಲೆಂಡಿನ ಕಥೆಗೂ ಕೊಡಗಿನ ಕಾವೇರಿ ದಂಡೆಯ ಆನೆಶಿಬಿರಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ನಮ್ಮ ಉತ್ತರವಿದು: ಕಲ್ಪಿತವಾದ ಸೆರೆ ಎಷ್ಟು ನಿಜವೆಂದು ಅಳೆಯಬೇಕಾದರೆ ಕಂಡು ತಿಳಿದ ಸೆರೆಯೊಂದು ಅಳತೆಗೋಲಾಗಬೇಕು. ತನಗಿಂತ ಬಲಿಷ್ಠವಾದ, ಬುದ್ಧಿಯುಳ್ಳ ಜೀವಿಯನ್ನು ಹಿಡಿದು, ಪಳಗಿಸಿ, ಹೆಸರಿಟ್ಟು, ಅದರೊಡನೆ ಬಾಳುವ ಕಾರ್ಯವು ಕನ್ನಡ ನಾಡಿನಲ್ಲಿ ಇಂದಿಗೂ ನಡೆಯುತ್ತಿರುವ ಸ್ಥಳಗಳಲ್ಲಿ ದುಬಾರೆಯೊಂದು. ಚಿತ್ರಕಥೆಯಲ್ಲಿ ಸೆರೆಯಾಳಾಗಿರುವ ವಾನರನ ವಂಶವು ಇಲ್ಲಿ ಸೆರೆಹಿಡಿಯುವ ಪ್ರಭುವಾಗಿದೆ.

೨

ಮೊದಲು ಕಥಾವಸ್ತುವಿನ ಹುಟ್ಟನ್ನು ನೋಡಬೇಕು. ಸೈಲೂರಿಯನ್ನರನ್ನು ಕಲ್ಪಿಸಿದವರು ಮ್ಯಾಲ್ಕಮ್ ಹಲ್ಕ್. ಅವರು ಬರೆದ ಏಳು ಕಂತುಗಳ ನಾಟಕವನ್ನು ಬಿ.ಬಿ.ಸಿ. ದೂರದರ್ಶನವು ೧೯೭೦ರಲ್ಲಿ ಪ್ರಸಾರ ಮಾಡಿತು. ಸಮೀಪಿಸುತ್ತಿರುವ ಒಂದು ಆಕಾಶಕಾಯವು ಭೂಮಿಯ ವಾಯುಮಂಡಲವನ್ನು ಸೆಳೆದೊಯ್ಯುವುದೆಂದು ಅಂಜಿ ಸರೀಸೃಪ ಪ್ರಭುಗಳು ನೆಲದಡಿಯಲ್ಲಿ ದೀರ್ಘನಿದ್ರೆಗೆ ಹೋಗುತ್ತಾರೆ. ಆ ಕಾಯವು ಅನಾಹುತ ಮಾಡದೆ ಚಂದ್ರನಾಗಿ ನಿಲ್ಲುತ್ತದೆ. ಎಚ್ಚರಿಸಬೇಕಾದ ಯಂತ್ರ ಕೆಟ್ಟು ಅವರು ಕೋಟ್ಯಂತರ ವರ್ಷ ಮಲಗಿಬಿಡುತ್ತಾರೆ. ಎದ್ದು ನೋಡಿದರೆ, ತಾವು ಬೆಳೆಗೆ ಬಂದ ಪೀಡೆಯೆಂದು ಎಣಿಸಿದ್ದ ವಾನರರ ಸಂತತಿಯೇ ನೆಲವನ್ನೆಲ್ಲ ಆವರಿಸಿದೆ! ಹಲ್ಕ್ ಅವರು ಇದನ್ನೇ ೧೯೭೪ರಲ್ಲಿ ಕಾದಂಬರಿಯಾಗಿ ಬರೆದಾಗ ಕಥೆಯನ್ನು ಸರೀಸೃಪವೊಂದರ ದೃಷ್ಟಿಯಿಂದಲೇ ಆರಂಭಿಸಿದರು. ೧೯೮೦ರ ಚಿತ್ರಕಥೆಯು ಈ ನಾಟಕದ ಪೂರ್ವಕಥೆ. ನಿದ್ರೆಗೆ ಮುಂಚಿನ ಆಳ್ವಿಕೆಯ ಕಾಲವನ್ನು ಅದು ಆರಿಸಿಕೊಂಡಿತು.

ಇದರಲ್ಲಿ ಕಾಲಗಣನೆಯ ದೋಷಗಳು ಎದ್ದು ಕಾಣುತ್ತವೆ. ಭೂವಿಜ್ಞಾನಿಗಳು ಸೈಲೂರಿಯನ್ ಎಂದು ಕರೆಯುವ ಕಾಲವು ಸುಮಾರು ೪೪ ಕೋಟಿ ವರ್ಷಗಳ ಹಿಂದೆ ಆರಂಭವಾಗಿ ೪೨ ಕೋಟಿ ವರ್ಷಗಳ ಹಿಂದೆ ಮುಗಿಯಿತು. ಆಗ ವಾನರರಿರಲಿ, ಸರೀಸೃಪಗಳೇ ಹುಟ್ಟಿರಲಿಲ್ಲ. ಹಕ್ಕಿಗಳ ಮೂಲವಂಶವೊಂದನ್ನುಳಿದು ಡೈನೊಸಾರ್‌ಗಳು ಅಳಿದುದು ೬.೬ ಕೋಟಿ ವರ್ಷಗಳ ಹಿಂದೆ. ಬಾಲವಿಲ್ಲದ ವಾನರರ ಅತಿ ಹಳೆಯ ಅವಶೇಷಗಳು ಸುಮಾರು ೨.೫ ಕೋಟಿ ವರ್ಷಗಳವು. ಎರಡಕ್ಕೂ ನಡುವೆ ನಾಲ್ಕು ಕೋಟಿ ವರ್ಷಗಳ ಕಂದರವಿದೆ. ನಾಟಕಕಾರರಿಗೂ ಈ ಆಕ್ಷೇಪ ತಟ್ಟಿರಬೇಕು; ೧೯೭೨ರಲ್ಲಿ ಬಂದ ಮುಂದಿನ ನಾಟಕದಲ್ಲಿ ಅವರು ಆ ಜನಕ್ಕೆ ಈಯೊಸೀನ್ ಕಾಲದವರೆಂಬ ಹೆಸರು ಸಲ್ಲಬೇಕಿತ್ತೆಂದು ಪಾತ್ರವೊಂದರ ಬಾಯಲ್ಲಿ ಆಡಿಸಿದರು. ಆ ತಿದ್ದುಪಡಿಯಿಂದಲೂ ಕಂದರ ಮುಚ್ಚಲಿಲ್ಲ.

ಆದರೆ ವಿಮರ್ಶೆಯು ಇಷ್ಟಕ್ಕೇ ನಿಂತರೆ ಅದು ಪರೀಕ್ಷಕನ ಕೆಂಪು ಶಾಯಿಯಾಗುತ್ತದೆಯೇ ಹೊರತು ವಿಮರ್ಶೆಯಾಗುವುದಿಲ್ಲ. ತಪ್ಪು ಹೆಸರಿನ ಈ ಕಲ್ಪನೆಯಿಂದಲೇ ವಿಜ್ಞಾನಕ್ಕೆ ಒಂದು ಪ್ರಶ್ನೆ ಒದಗಿತೆಂಬುದನ್ನು ಮರೆಯಲಾಗದು. ೨೦೧೮ರಲ್ಲಿ ಗೇವಿನ್ ಸ್ಮಿಟ್ ಮತ್ತು ಆಡಮ್ ಫ್ರಾಂಕ್ ಎಂಬ ಇಬ್ಬರು ವಿಜ್ಞಾನಿಗಳು ‘ಸೈಲೂರಿಯನ್ ಊಹೆ’ ಎಂಬ ಹೆಸರಿನಿಂದ ಒಂದು ಪ್ರಬಂಧ ಪ್ರಕಟಿಸಿದರು. ನಮಗಿಂತ ಕೋಟ್ಯಂತರ ವರ್ಷ ಮುಂಚೆ ಕೈಗಾರಿಕೆಯುಳ್ಳ ನಾಗರಿಕತೆಯೊಂದು ಇದ್ದಿದ್ದರೆ, ಅದರ ಗುರುತು ಶಿಲಾಸ್ತರಗಳಲ್ಲಿ ಹೇಗೆ ಉಳಿಯುತ್ತಿತ್ತು ಎಂಬುದು ಅವರ ವಿಚಾರ. ಅಂಥ ನಾಗರಿಕತೆ ಇತ್ತೆಂದು ಅವರು ವಾದಿಸಲಿಲ್ಲ. ಊರುಗಳೂ ಯಂತ್ರಗಳೂ ಅಷ್ಟು ಕಾಲ ಉಳಿಯಲಾರವು. ಉಳಿದರೆ ಕೆಸರಿನಲ್ಲಿ ಸೇರಿದ ರಾಸಾಯನಿಕ ಗುರುತುಗಳು ಮಾತ್ರ ಎಂದು ಅವರು ತೋರಿಸಿದರು. ಹಾಗೆ ನೋಡಿದರೆ ಈ ಕಥೆ ಹಳೆಯ ಪ್ರಭುಗಳನ್ನು ಕುರಿತದ್ದಾಗಿರುವಂತೆಯೇ ಅಳಿಯಲಿರುವ ಈಗಿನ ಪ್ರಭುಗಳನ್ನು ಕುರಿತದ್ದೂ ಆಗಿದೆ.

ನಮ್ಮ ವಾಚಕರಿಗೆ ಈ ಕಥಾಬೀಜವು ಪೂರ್ತಿ ಅಪರಿಚಿತವೂ ಅಲ್ಲ. ಖಾಂಡವವನದ ದಹನವನ್ನು ಪಂಪನ ‘ವಿಕ್ರಮಾರ್ಜುನ ವಿಜಯ’ದಿಂದಲೂ ಕುಮಾರವ್ಯಾಸನಿಂದಲೂ ಅರಿತವರು ನಾವು. ಮನುಷ್ಯರಿಗಿಂತ ಮೊದಲೇ ನಾಗಗಳು ನೆಲೆಸಿದ್ದ ಕಾಡು ಅದು. ಸುಟ್ಟ ಕಾಡಿನಿಂದ ತಪ್ಪಿಸಿಕೊಂಡ ಅಶ್ವಸೇನನು ವರ್ಷಗಳಾದ ಮೇಲೆ ಕರ್ಣನ ಬಾಣವನ್ನು ಹೊಕ್ಕು ಅರ್ಜುನನನ್ನು ಅರಸಿಕೊಂಡು ಬರುತ್ತಾನೆ. ನೆಲದ ಮೊದಲ ಒಡೆಯನು ಸರೀಸೃಪ, ತಾನು ಬಳಿಕ ಬಂದವನು ಎಂಬ ಅಳುಕು ನಮ್ಮಲ್ಲಿ ಕಾವ್ಯವಾಗಿಯೂ ನಾಗನ ಬನಗಳಾಗಿಯೂ ಉಳಿದಿದೆ. ಇಂಗ್ಲಿಷ್ ಚಿತ್ರಕಥೆ ಅದೇ ಅಳುಕನ್ನು ವಿಜ್ಞಾನದ ಭಾಷೆಯಲ್ಲಿ ಹೇಳುತ್ತದೆ.

೩

ಇನ್ನು ಅಳತೆಗೋಲಿನ ಮಾತು. ದುಬಾರೆಯು ಕುಶಾಲನಗರದ ಕಡೆಯಿಂದ ನಂಜರಾಯಪಟ್ಟಣವನ್ನು ದಾಟಿ ಹೋದರೆ ಕಾವೇರಿಯ ಆಚೆದಡದಲ್ಲಿ ಸಿಕ್ಕುವ ಅರಣ್ಯಪ್ರದೇಶ. ಅಲ್ಲಿ ಅರಣ್ಯ ಇಲಾಖೆಯ ಆನೆಶಿಬಿರವಿದೆ. ಮೈಸೂರು ದಸರೆಗೆ ಹೋಗಿಬಂದ ಗೋಪಿ, ಧನಂಜಯ, ವಿಕ್ರಮ, ಕಾವೇರಿ ಮೊದಲಾದ ಆನೆಗಳು ಈ ಶಿಬಿರದವು. ಮೈಸೂರು ಸೀಮೆಯಲ್ಲಿ ಆನೆಹಿಂಡನ್ನು ಅಟ್ಟಿ ಆವರಣದೊಳಗೆ ತುಂಬುವ ಖೆಡ್ಡಾ ಕ್ರಮವನ್ನು ೧೮೭೦ರ ದಶಕದಲ್ಲಿ ಸ್ಯಾಂಡರ್ಸನ್ ಎಂಬ ಆಂಗ್ಲ ಅಧಿಕಾರಿ ನೆಲೆಗೊಳಿಸಿದನು. ಕಾಕನಕೋಟೆಯ ಕೊನೆಯ ಖೆಡ್ಡಾ ನಡೆದುದು ೧೯೭೧ರಲ್ಲಿ. ಮರುವರ್ಷವೇ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. ಹಿಂಡುಹಿಂಡಾಗಿ ಹಿಡಿಯುವ ಕಾಲ ಅಲ್ಲಿಗೆ ಮುಗಿಯಿತು. ತೋಟಗಳಿಗೆ ನುಗ್ಗಿ ಜನರಿಗೆ ಅಪಾಯ ತಂದ ಒಂಟಿ ಆನೆಗಳನ್ನು ಹಿಡಿಯುವ ಕಾರ್ಯ ಉಳಿಯಿತು.

ಹೀಗೆ ಹಿಡಿದ ಆನೆಯನ್ನು ದಪ್ಪ ದಿಮ್ಮಿಗಳನ್ನು ಅಡ್ಡಡ್ಡ ಜೋಡಿಸಿದ ದೊಡ್ಡಿಯಲ್ಲಿ ಕೂಡುತ್ತಾರೆ. ಇದಕ್ಕೆ ಕ್ರಾಲ್ ಎಂದು ಹೆಸರು. ಚಿತ್ರಕಥೆಯ ಓದುಗನು ಸೆರೆಯೆಂದರೆ ಈ ದೊಡ್ಡಿಯೆಂದೇ ಭಾವಿಸಿಯಾನು. ಆದರೆ ದಿಮ್ಮಿಗಳು ಆನೆಯನ್ನು ತಡೆಯಬಲ್ಲವು, ಪಳಗಿಸಲಾರವು. ಪಳಗಿಸುವವನು ದಿಮ್ಮಿಗಳ ಸಂದಿನಲ್ಲಿ ನಿಂತು ದಿನವೂ ಮಾತನಾಡಿಸಿ, ಕೈಯಾರೆ ಉಣಿಸುವ ಮನುಷ್ಯ. ಅವನು ಮಾವುತ, ಅವನ ಜೊತೆಗಾರನು ಕಾವಾಡಿ. ಕೊಡಗಿನ ಮತ್ತು ನಾಗರಹೊಳೆಯ ಶಿಬಿರಗಳಲ್ಲಿ ಈ ವೃತ್ತಿಯವರು ಬಹುಮಟ್ಟಿಗೆ ಜೇನುಕುರುಬರು. ಆನೆಗೆ ಹೇಳುವ ಆಜ್ಞೆಯ ಮಾತುಗಳಲ್ಲಿ ಹಲವು ಅವರ ಮನೆಮಾತಿನವಲ್ಲ, ಹಿಂದೂಸ್ಥಾನಿಯಿಂದ ಇಳಿದುಬಂದವು. ಹಾಗಾಗಿ ಪ್ರಭುವಿನದೂ ಸೆರೆಯಾಳಿನದೂ ಅಲ್ಲದ ಮೂರನೆಯದೊಂದು ನುಡಿಯಲ್ಲಿ ಈ ಇಬ್ಬರ ವ್ಯವಹಾರ ನಡೆಯುತ್ತದೆ. ಹಗಲಿನ ಕೆಲಸ ಮುಗಿದ ಮೇಲೆ ಪಳಗಿದ ಆನೆಗಳನ್ನು ಸರಪಳಿಯೊಡನೆ ಕಾಡಿಗೆ ಬಿಡುವುದೂ, ಬೆಳಗ್ಗೆ ಮಾವುತನು ಜಾಡು ಹಿಡಿದು ಹೋಗಿ ಕರೆತರುವುದೂ ವಾಡಿಕೆ. ಇರುಳು ಕಾಡಿನದು, ಹಗಲು ಶಿಬಿರದ್ದು. ಇಂಥ ಸೆರೆಯನ್ನು ಗೋಡೆಯ ಚಿತ್ರವೊಂದರಿಂದ ತಿಳಿಸಲಾಗದು.

ಇಲ್ಲಿ ನಾವು ಗಮನಿಸಬೇಕಾದ ಅಂಶವೊಂದುಂಟು. ಮಾವುತನು ಪ್ರಭುವಲ್ಲ. ಆನೆಯ ಒಡೆತನ ಸರಕಾರದ್ದು. ಆನೆಯನ್ನು ಹಿಡಿಯಬೇಕೆ, ಬಿಡಬೇಕೆ, ಬೇರೆಡೆಗೆ ಕಳುಹಿಸಬೇಕೆ ಎಂಬ ತೀರ್ಮಾನವೂ ಅವನದಲ್ಲ. ಕಾಡಿನ ಕಾನೂನುಗಳಿಂದ ಕಾಡಿನಲ್ಲಿಯೇ ಪರಕೀಯರಾದ ಜನರಿಂದ ಬಂದವನು ಅವನು. ಆನೆ ಸಿಟ್ಟಿಗೆದ್ದರೆ ಮೊದಲು ಸಾಯುವವನೂ ಅವನೇ. ಆದರೂ ಅವನಿಲ್ಲದೆ ಸೆರೆಯೆಂಬುದು ಒಂದು ದಿನವೂ ನಡೆಯದು. ಬಲವುಳ್ಳ ಜೀವಿಯನ್ನು ಬಹುಕಾಲ ಆಳಬೇಕಾದರೆ ಆಳುವವನಿಗೂ ಆಳಿಸಿಕೊಳ್ಳುವವನಿಗೂ ನಡುವೆ ಇಬ್ಬರ ನುಡಿಯನ್ನೂ ಬಲ್ಲ ಒಬ್ಬ ಬೇಕು. ದುಬಾರೆಯಿಂದ ನಮಗೆ ದೊರೆಯುವ ಅಳತೆಗೋಲು ಇದೇ: ಸೆರೆಯ ಕಥೆಯೊಂದು ಕೈಗೆ ಬಂದಾಗ, ಅದರಲ್ಲಿ ಮಾವುತನೆಲ್ಲಿ ಎಂದು ಕೇಳಬೇಕು.

೪

ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಸೈಲೂರಿಯನ್ನರ ಕಥೆಗೆ ಹಿಂದಿರುಗೋಣ. ೧೯೭೦ರ ನಾಟಕದಲ್ಲಿ ನಡುವೆ ನಿಂತವರು ಇಬ್ಬರಿದ್ದಾರೆ. ಒಬ್ಬನು ಕಥಾನಾಯಕನಾದ ಡಾಕ್ಟರ್. ಅವನು ಮನುಷ್ಯನೂ ಅಲ್ಲ, ಸರೀಸೃಪವೂ ಅಲ್ಲ. ಇನ್ನೊಬ್ಬನು ಸಂಧಿಗೆ ಒಪ್ಪುವ ವೃದ್ಧ ಸೈಲೂರಿಯನ್. ವೃದ್ಧನನ್ನು ಅವನ ಕುಲದ ತರುಣನೇ ಕೊಲ್ಲುತ್ತಾನೆ. ಡಾಕ್ಟರನ ಮಾತನ್ನು ಮೀರಿ ಮನುಷ್ಯರ ಸೈನ್ಯವು ಕೊನೆಗೆ ಗುಹೆಗಳನ್ನು ಸಿಡಿಸುತ್ತದೆ. ನಡುವಣವರ ಸೋಲೇ ಆ ನಾಟಕದ ದುಃಖ. ಇಷ್ಟು ವರ್ಷಗಳಾದ ಮೇಲೂ ಅದು ನೆನಪಿನಲ್ಲಿ ಉಳಿದಿರುವುದಕ್ಕೆ ಕಾರಣವೂ ಅದೇ ಎಂದು ನಮ್ಮ ಅಭಿಪ್ರಾಯ.

ಚಿತ್ರಕಥೆಯು ಕೋಟ್ಯಂತರ ವರ್ಷ ಹಿಂದಕ್ಕೆ ಹೋದಾಗ ಡಾಕ್ಟರನನ್ನು ಜೊತೆಗೆ ಒಯ್ಯಲಿಲ್ಲ. ಪತ್ರಿಕೆಯ ಮುಖ್ಯ ಚಿತ್ರಕಥೆಯ ಬೆನ್ನಿಗೆ ಹಾಕುವ ಉಪಕಥೆ ಅದು. ನಾಯಕನಿಗೆ ಅಲ್ಲಿ ಎಡೆಯಿಲ್ಲ. ಈ ಒಂದು ಏರ್ಪಾಟಿನಿಂದ ಕಥೆಯ ಸ್ವರೂಪವೇ ಬದಲಾಯಿತು. ಹೊರಗಿನಿಂದ ಬಂದು ಎರಡೂ ಕಡೆಯನ್ನು ಆಲಿಸಬಲ್ಲವನು ಹೋದನು. ಪ್ರಭುಗಳೂ ಸೆರೆಯಾಳುಗಳೂ ಎದುರುಬದುರಾದರು. ನಾಟಕವು ಕೇಳಿದ ಪ್ರಶ್ನೆ, ಈ ಇಬ್ಬರು ಒಂದೇ ನೆಲದಲ್ಲಿ ಬಾಳಬಲ್ಲರೆ, ಎಂಬುದು. ಚಿತ್ರಕಥೆಗೆ ಆ ಪ್ರಶ್ನೆಯನ್ನು ಕೇಳುವ ಬಾಯಿಯೇ ಇಲ್ಲ. ವಾನರನು ಗೆದ್ದೇ ಗೆಲ್ಲುವನೆಂಬುದು ಪುಟ ತೆರೆಯುವ ಮೊದಲೇ ಓದುಗನಿಗೆ ತಿಳಿದಿದೆ, ಏಕೆಂದರೆ ಓದುತ್ತಿರುವವನೇ ಆ ವಾನರನ ವಂಶದವನು. ಹೀಗಿರುವಲ್ಲಿ ಉಳಿಯುವುದು ಕುತೂಹಲವಲ್ಲ, ಜಯೋತ್ಸಾಹ. ಮುಸ್ಸಂಜೆಯೆಂಬ ಹೆಸರಿನಲ್ಲಿ ಪ್ರಭುಗಳಿಗಾಗಿ ಒಂದು ಮರುಕವಿದೆ. ಕಥೆಯ ಕಟ್ಟು ಆ ಮರುಕವನ್ನು ಹೊರುವಷ್ಟು ಗಟ್ಟಿಯಾಗಿಲ್ಲ.

ಇದೇ ಬೀಜದಿಂದ ಹುಟ್ಟಿದ ಎರಡು ದೊಡ್ಡ ಕೃತಿಗಳೊಡನೆ ಹೋಲಿಸಿದರೆ ಈ ಮಾತು ಸ್ಪಷ್ಟವಾದೀತು. ಫ್ರೆಂಚ್ ಲೇಖಕ ಪಿಯರ್ ಬೂಲ್ ೧೯೬೩ರಲ್ಲಿ ಪ್ರಕಟಿಸಿದ ‘ವಾನರಗ್ರಹ’ ಕಾದಂಬರಿಯಲ್ಲಿ ವಾನರರು ಪ್ರಭುಗಳು, ಮನುಷ್ಯರು ಪಂಜರದಲ್ಲಿರುವವರು. ಸೆರೆಯಾದ ನಾಯಕನು ತನಗೆ ಬುದ್ಧಿಯುಂಟೆಂದು ತಿಳಿಸಲು ಚಿಂಪಾಂಜಿ ವಿಜ್ಞಾನಿ ಜೀರಾಳ ಟಿಪ್ಪಣಿ ಪುಸ್ತಕದಲ್ಲಿ ರೇಖಾಗಣಿತದ ಆಕೃತಿ ಬರೆಯುತ್ತಾನೆ. ಅವಳು ತನ್ನ ನುಡಿಯನ್ನು ಅವನಿಗೆ ಕಲಿಸುತ್ತಾಳೆ. ಪಂಜರದ ಕಂಬಿಗಳ ಎರಡು ಬದಿಯಿಂದ ಈ ಇಬ್ಬರು ಹತ್ತಿರವಾಗುವ ಭಾಗವೇ ಕಾದಂಬರಿಯ ಜೀವಾಳ.

ಹ್ಯಾರಿ ಹ್ಯಾರಿಸನ್ ೧೯೮೪ರಲ್ಲಿ ಬರೆದ ‘ವೆಸ್ಟ್ ಆಫ್ ಈಡನ್’ ನಮ್ಮ ಚಿತ್ರಕಥೆಗೆ ಇನ್ನೂ ಸಮೀಪದ್ದು. ಸರೀಸೃಪಗಳನ್ನು ಅಳಿಸಿದ ಆಕಾಶಕಾಯವು ಭೂಮಿಗೆ ಬಡಿಯದೆ ಹೋಗಿದ್ದರೆ ಎಂಬ ಊಹೆ ಅದರದು. ಯಿಲಾನೆ ಎಂಬ ಸರೀಸೃಪ ಕುಲವು ಭೂಮಿಯನ್ನು ಆಳುತ್ತದೆ. ಕೆರಿಕ್ ಎಂಬ ಮನುಷ್ಯ ಬಾಲಕ ಅವರ ಸೆರೆಗೆ ಬೀಳುತ್ತಾನೆ. ಎಂಗೆ ಎಂಬವಳು ಅವನಿಗೆ ಯಿಲಾನೆ ನುಡಿಯನ್ನು ಕಲಿಸುತ್ತಾಳೆ. ದೇಹದ ಭಂಗಿಗಳೂ ಬಾಲದ ಚಲನೆಯೂ ಸೇರಿದ ನುಡಿಯದು. ಬಾಲವಿಲ್ಲದ ಬಾಲಕನಿಗೆ ಅದು ಎಂದಿಗೂ ಪೂರ್ತಿ ವಶವಾಗದು. ಅವನ ಕೊರಳಪಟ್ಟಿಯ ಹಗ್ಗದ ಇನ್ನೊಂದು ತುದಿಯನ್ನು ಇನ್ಲೇನು ಎಂಬ ಯಿಲಾನೆಯ ಕೊರಳಿಗೆ ಕಟ್ಟಿರುತ್ತದೆ. ಅವನು ಹೋದಲ್ಲಿಗೆ ಅವಳೂ ಹೋಗಬೇಕು. ಕಟ್ಟಿದವರು ಬೇರೆ, ಕಟ್ಟಿನ ಎರಡು ತುದಿಗಳಲ್ಲಿ ಇಬ್ಬರು ಪರಾಧೀನರು. ಆನೆಯ ಕೊರಳ ಹಗ್ಗದಲ್ಲಿ ಕಾಲಿಟ್ಟು ಕುಳಿತ ಮಾವುತನನ್ನು ಕಂಡವರಿಗೆ ಈ ಚಿತ್ರದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹ್ಯಾರಿಸನ್ ಅವರ ಕಾದಂಬರಿಯಲ್ಲಿ ಅತಿವಿಸ್ತರವೂ ಯುದ್ಧವರ್ಣನೆಯ ಬೇಸರವೂ ಇಲ್ಲದಿಲ್ಲ. ಆದರೂ ಈ ಒಂದು ಹಗ್ಗದಿಂದ ಅದು ಚಿತ್ರಕಥೆಗಿಂತ ಮೇಲಿನ ನೆಲೆಗೆ ಏರುತ್ತದೆ.

೫

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರಿಸಬೇಕು. ಮಾವುತನನ್ನು ಕಥೆಯೊಳಗೆ ತಂದರೆ ಸೆರೆಯು ಸಹ್ಯವಾಗಿ ತೋರುವುದಿಲ್ಲವೇ? ಉಣಿಸುವ ಕೈಯನ್ನು ಚಿತ್ರಿಸಿ ಸರಪಳಿಯನ್ನು ಮರೆಸಿದಂತಾಗುವುದಿಲ್ಲವೇ? ಶಿಬಿರಕ್ಕೆ ಬರುವ ಪ್ರವಾಸಿಯು ಆನೆಯ ಸ್ನಾನವನ್ನು ಕಂಡು ಹರ್ಷಿಸಿ ಹೋಗುತ್ತಾನೆ. ಕ್ರಾಲಿನ ಮುಂದೆ ನಿಲ್ಲುವವರು ವಿರಳ. ಕಥೆಯೂ ಆ ಪ್ರವಾಸಿಯಂತಾಗುವ ಅಪಾಯ ಇದ್ದೇ ಇದೆ.

ಆಕ್ಷೇಪದಲ್ಲಿ ಸತ್ಯಾಂಶವುಂಟು. ಆದರೆ ನಡುವಣವನು ನಿರ್ದೋಷಿಯೆಂದು ನಾವು ಹೇಳುತ್ತಿಲ್ಲ. ಸೆರೆಯನ್ನು ಸಾಧ್ಯವಾಗಿಸುವವನು ಅವನೇ ಆದುದರಿಂದ ಸೆರೆಯ ನೋವೂ ನಾಚಿಕೆಯೂ ಅವನಲ್ಲಿಯೇ ಕೂಡಿಕೊಳ್ಳುತ್ತವೆ. ಇದಕ್ಕೆ ಆನೆಗಳಲ್ಲಿಯೇ ನಿದರ್ಶನ ದೊರೆಯುತ್ತದೆ. ಕಾಡಾನೆಯನ್ನು ಹಿಡಿಯಲು ಒಯ್ಯುವುದು ಪಳಗಿದ ಆನೆಯನ್ನು. ಅದಕ್ಕೆ ಕುಮ್ಕಿ ಎನ್ನುತ್ತಾರೆ. ನಿನ್ನೆ ಸೆರೆಯಾದುದು ಇಂದು ತನ್ನ ಕುಲದ ಇನ್ನೊಂದನ್ನು ಸೆರೆಹಿಡಿಯಲು ನೆರವಾಗುತ್ತದೆ. ಬಳ್ಳೆ ಶಿಬಿರದ ಅರ್ಜುನನನ್ನು ೧೯೬೮ರಲ್ಲಿ ಕಾಕನಕೋಟೆಯ ಖೆಡ್ಡಾದಲ್ಲಿ ಹಿಡಿದರು. ಅವನು ೨೦೧೨ರಿಂದ ೨೦೧೯ರವರೆಗೆ ಎಂಟು ದಸರೆಗಳಲ್ಲಿ ಚಿನ್ನದ ಅಂಬಾರಿ ಹೊತ್ತನು. ೨೦೨೩ರ ಡಿಸೆಂಬರ್ ೪ರಂದು ಸಕಲೇಶಪುರ ತಾಲ್ಲೂಕಿನ ಯಸಳೂರಿನ ಬಳಿ ಕಾಡಾನೆ ಹಿಡಿಯುವ ಕಾರ್ಯದಲ್ಲಿ ಕಾಡಾನೆಯೊಡನೆ ಕಾದಿ ಮಡಿದನು. ನಾಡೆಲ್ಲ ಅವನಿಗಾಗಿ ಮರುಗಿತು. ಅವನನ್ನು ಕೊಂದ ಆನೆಯು ತನ್ನ ಕಾಡನ್ನು ಕಾಯುತ್ತಿತ್ತು. ಅರ್ಜುನನು ಐವತ್ತೈದು ವರ್ಷ ತನ್ನನ್ನು ಸಾಕಿದವರ ಮಾತನ್ನು ಕಾಯುತ್ತಿದ್ದನು. ಯಾರ ಪಕ್ಷ ನ್ಯಾಯವಾದುದೆಂದು ಹೇಳಲು ಹೊರಟ ನಾಲಗೆ ತಡವರಿಸುತ್ತದೆ. ಸೆರೆಯ ಕಥೆಯು ಓದುಗನನ್ನು ಕರೆದೊಯ್ಯಬೇಕಾದುದು ಈ ತಡವರಿಕೆಯ ಎಡೆಗೆ. ಪ್ರಭು ಮತ್ತು ಬಂದಿ ಎಂಬ ಎರಡೇ ಪಕ್ಷಗಳಿರುವ ಕಥೆಗೆ ಅಲ್ಲಿಯವರೆಗೆ ಹೋಗುವ ದಾರಿಯಿಲ್ಲ.

ಬಿಡುಗಡೆಯ ವಿಷಯದಲ್ಲಿಯೂ ದುಬಾರೆಯದೇ ಒಂದು ಪಾಠವಿದೆ. ಸೆರೆಯ ಚಿತ್ರಕಥೆಗಳಲ್ಲಿ ಬಾಗಿಲು ಮುರಿದರೆ ಬಿಡುಗಡೆ. ದುಬಾರೆ ಶಿಬಿರದ ಕುಶ ಎಂಬ ಆನೆ ಕಾಡಿಗೆ ಹೋಗಿ ಕಾಡಾನೆಗಳ ಜೊತೆ ಸೇರಿಕೊಂಡಿತು. ೨೦೨೧ರಲ್ಲಿ ಅದನ್ನು ಮತ್ತೆ ಹಿಡಿದುತಂದು ಕ್ರಾಲಿನಲ್ಲಿ ಕೂಡಿದರು. ಕಾಡನ್ನು ತಾನೇ ಆರಿಸಿಕೊಂಡ ಪ್ರಾಣಿಯನ್ನು ಮರಳಿ ತಂದುದು ಸರಿಯಲ್ಲವೆಂದು ಆಕ್ಷೇಪಗಳೆದ್ದವು. ಅದೇ ವರ್ಷ ಅದರ ಕೊರಳಿಗೆ ರೇಡಿಯೋ ಪಟ್ಟಿ ತೊಡಿಸಿ ಬಂಡೀಪುರದ ಕಾಡಿಗೆ ಬಿಟ್ಟರು. ಅದು ಬಿಡುಗಡೆಯಾಯಿತೆ? ಸರಪಳಿ ಹೋಯಿತು; ಪಟ್ಟಿ ಬಂದಿತು. ತಾನಿದ್ದ ಕಾಡು ಹೋಗಿ ಬೇರೆ ಕಾಡು ಬಂದಿತು. ಆದರೂ ಒಮ್ಮೆ ಪಳಗಿದ ಜೀವಿಯ ಇಚ್ಛೆಯನ್ನು ಗಣನೆಗೆ ತಂದುಕೊಂಡ ಅಪೂರ್ವ ಪ್ರಸಂಗವೆಂದು ಇದನ್ನು ಮನ್ನಿಸಬೇಕು. ಯಾವ ಕಲ್ಪಿತ ಕಥೆಗೂ ಸಾಲುವಷ್ಟು ವಸ್ತು ಇದರಲ್ಲಿದೆ.

೬

ಕೊನೆಯದಾಗಿ, ಕನ್ನಡದಲ್ಲಿ ಇಂಥ ಕಥೆಯನ್ನು ಬರೆಯುವವರಿಗೂ ಅನುವಾದಿಸುವವರಿಗೂ ನಮ್ಮ ಪರಂಪರೆಯಿಂದ ಏನು ದೊರೆಯುತ್ತದೆಂಬುದನ್ನು ನೋಡಬೇಕು. ಮೊದಲ ತೊಡಕು ಹೆಸರಿನದು. ಕೋತಿ, ಮಂಗ, ಮುಸುವ, ಕೋಡಗ, ಕಪಿ ಎಂದು ನಮ್ಮಲ್ಲಿ ಹೆಸರುಗಳು ಹೇರಳವಾಗಿದ್ದರೂ ಬಾಲವಿಲ್ಲದ ಮಹಾಕಾಯ ವಾನರನಿಗೆ ರೂಢಿಯ ಮಾತಿಲ್ಲ. ನಮ್ಮ ಕಾಡುಗಳಲ್ಲಿ ಆ ಪ್ರಾಣಿಯೇ ಇಲ್ಲ. ಆದುದರಿಂದ ವಾನರ ಶಬ್ದವನ್ನೇ ಬಳಸಬೇಕಾಗುತ್ತದೆ. ಆ ಶಬ್ದವನ್ನು ಬಳಸಿದೊಡನೆ ಕಿಷ್ಕಿಂಧೆಯೂ ಜೊತೆಗೆ ಬರುತ್ತದೆ. ಸುಮಾರು ೧೧೦೦ರಲ್ಲಿದ್ದ ನಾಗಚಂದ್ರನು ‘ರಾಮಚಂದ್ರಚರಿತಪುರಾಣ’ದಲ್ಲಿ ವಿಮಲಸೂರಿಯ ಜೈನ ಸಂಪ್ರದಾಯವನ್ನು ಅನುಸರಿಸಿದನು. ಆ ಸಂಪ್ರದಾಯದಂತೆ ವಾನರರು ಕಪಿಗಳಲ್ಲ, ಧ್ವಜದಲ್ಲಿ ಕಪಿಯ ಚಿಹ್ನೆಯುಳ್ಳ ವಿದ್ಯಾಧರ ವಂಶದವರು; ರಾಕ್ಷಸರೂ ರಕ್ಕಸರಲ್ಲ. ಇನ್ನೊಂದು ಕುಲವನ್ನು ಮೃಗವೆಂದು ಕರೆಯುವುದಕ್ಕೆ ಮುಂಚೆ ಕರೆಯುವವರು ಯಾರು ಎಂದು ಕೇಳುವ ಎಚ್ಚರ ಕನ್ನಡ ಕಾವ್ಯಕ್ಕೆ ಒಂಬತ್ತು ಶತಮಾನಗಳ ಹಿಂದೆ ಇತ್ತು. ಸರೀಸೃಪ ಪ್ರಭುವು ವಾನರನನ್ನು ಪೀಡೆಯೆನ್ನುವಾಗಲೂ, ವಾನರಸಂತಾನವು ಸರೀಸೃಪವನ್ನು ಭೂತವೆನ್ನುವಾಗಲೂ ಈ ಎಚ್ಚರ ಬೇಕು.

ಎರಡನೆಯದು, ಸೆರೆಯಾದ ಪ್ರಾಣಿಯನ್ನು ಕುರಿತ ನಮ್ಮ ವಾಙ್ಮಯ. ಗಂಗ ದೊರೆ ಸೈಗೊಟ್ಟ ಶಿವಮಾರನು ಕನ್ನಡದಲ್ಲಿ ‘ಗಜಾಷ್ಟಕ’ವನ್ನು ರಚಿಸಿದನೆಂದೂ, ಅದು ಓವನಿಗೆಯಾಗಿ, ಒನಕೆವಾಡಾಗಿ ಜನರ ಬಾಯಲ್ಲಿ ಹರಡಿತೆಂದೂ ಶಾಸನದಿಂದ ತಿಳಿಯುತ್ತದೆ. ಕೃತಿ ನಮಗೆ ದೊರೆತಿಲ್ಲ. ದೊರೆಯ ಗಜಶಾಲೆಯ ವಿದ್ಯೆಯು ಭತ್ತ ಕುಟ್ಟುವ ಹೆಂಗಸರ ಹಾಡಾಯಿತೆಂಬ ಸಂಗತಿಯಷ್ಟೇ ಉಳಿದಿದೆ. ಹಳಗನ್ನಡದಲ್ಲಿ ಮಾವಂತ, ಮಾವತಿಗ ಎಂಬ ರೂಪಗಳೂ ಉಳಿದಿವೆ. ಹಳೇಬೀಡಿನ ಗುಡಿಯ ಭಿತ್ತಿಯಲ್ಲಿ ಆನೆಗಳ ಸಾಲು ಎಲ್ಲಕ್ಕೂ ಕೆಳಗಿದೆ; ರಾಮಾಯಣ ಭಾರತಗಳ ಕಥೆ ಮೇಲಿನ ಪಟ್ಟಿಕೆಯಲ್ಲಿ ಚಿತ್ರದಿಂದ ಚಿತ್ರಕ್ಕೆ ಸಾಗುತ್ತದೆ. ಚಿತ್ರಕಥೆಯ ಕ್ರಮವನ್ನು ನಮ್ಮ ಶಿಲ್ಪಿಗಳು ಚೆನ್ನಾಗಿ ಬಲ್ಲವರಾಗಿದ್ದರು. ಆದರೆ ಕಥೆಯ ಭಾರವನ್ನೆಲ್ಲ ಹೊತ್ತ ಆನೆಗೆ ಕಥೆಯೊಳಗೆ ಮಾತಿಲ್ಲ. ಚಿತ್ರಕ್ಕೆ ಮಾತಿನ ಹಂಗಿಲ್ಲದೆ ಕಣ್ಣನ್ನೂ ನಿಲುವನ್ನೂ ತೋರಿಸುವ ಶಕ್ತಿಯಿದೆ. ನುಡಿಯಿಲ್ಲದ ಬಂದಿಗೆ ಗದ್ಯಕ್ಕಿಂತ ಚಿತ್ರವೇ ಹೆಚ್ಚು ನ್ಯಾಯ ಸಲ್ಲಿಸಬಲ್ಲದು. ಚಿತ್ರಕಥೆಯೆಂಬ ಪ್ರಕಾರವನ್ನು ನಾವು ಹಗುರವಾಗಿ ಕಾಣದಿರುವುದಕ್ಕೆ ಇದೇ ಮುಖ್ಯ ಕಾರಣ.

ಮೂರನೆಯದು ನಮ್ಮ ಕಾಲದ್ದೇ ಆದ ಒಂದು ಕಾದಂಬರಿ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ೧೯೮೦ರಲ್ಲಿ, ಎಂದರೆ ಸೈಲೂರಿಯನ್ನರ ಚಿತ್ರಕಥೆ ಬಂದ ವರ್ಷವೇ, ಪ್ರಕಟವಾಯಿತು. ಅಲ್ಲಿಯೂ ಯುಗಾಂತರಗಳಿಂದ ಉಳಿದುಬಂದ ಒಂದು ಸರೀಸೃಪವಿದೆ, ಹಾರುವ ಓತಿ; ಅದನ್ನು ಹಿಡಿಯಹೊರಟ ವಾನರಸಂತಾನವೂ ಇದೆ. ವಿಜ್ಞಾನಿ ಕರ್ವಾಲೊ ಒಂದು ಕಡೆ, ಕಾಡು ಇನ್ನೊಂದು ಕಡೆ. ನಡುವೆ ನಿಂತವನು ಜೇನು ಬಲ್ಲ ಹಳ್ಳಿಗ ಮಂದಣ್ಣ. ಓತಿಯನ್ನು ಮೊದಲು ಕಂಡವನು ಅವನೇ. ವಿಜ್ಞಾನಿಯ ನುಡಿಯೂ ಕಾಡಿನ ನುಡಿಯೂ ಕೂಡುವುದು ಅವನಲ್ಲಿ. ಕಾದಂಬರಿಯ ಕೊನೆಗೆ ಓತಿಯು ಬೆನ್ನಟ್ಟಿ ಬಂದವರ ಕಣ್ಣೆದುರಿನಲ್ಲಿಯೇ ಕಣಿವೆಗೆ ತೇಲಿ ಕೈತಪ್ಪಿ ಹೋಗುತ್ತದೆ. ಪ್ರಭುವೂ ಇಲ್ಲ, ಬಂದಿಯೂ ಇಲ್ಲ. ಇಂಗ್ಲಿಷ್ ಚಿತ್ರಕಥೆಯು ಎರಡು ಕುಲಗಳಲ್ಲಿ ಒಂದು ಅಳಿದಲ್ಲದೆ ಇನ್ನೊಂದು ಬಾಳದೆಂದು ಬಗೆದರೆ, ‘ಕರ್ವಾಲೊ’ ಅವೆರಡೂ ಒಂದು ಗಳಿಗೆ ಪರಸ್ಪರ ನೋಡಿ ಬೇರೆಯಾಗಬಹುದೆಂದು ತೋರಿಸಿತು.

ಈ ಎಲ್ಲ ಕಾರಣಗಳಿಂದ ‘ಸೈಲೂರಿಯನ್ನರ ಮುಸ್ಸಂಜೆ’ಯನ್ನು ನಾವು ಉತ್ತಮ ಬೀಜದ ಬಡ ಬೆಳೆಯೆಂದು ಪರಿಗಣಿಸುತ್ತೇವೆ. ಎರಡು ಕಂತುಗಳ ಇಕ್ಕಟ್ಟಿನಲ್ಲಿ ಇದಕ್ಕಿಂತ ಹೆಚ್ಚಿನದನ್ನು ಅಪೇಕ್ಷಿಸುವುದು ಕಠಿಣವೆನಿಸಬಹುದು. ಆದರೆ ಪ್ರಭುವಿನ ಅಪ್ಪಣೆಯಂತೆ ವಾನರನಿಗೆ ಉಣಿಸುವ ಒಬ್ಬ ಸರೀಸೃಪನನ್ನು ನಾಲ್ಕು ಚೌಕಗಳಲ್ಲಿ ತಂದು, ಮುಸ್ಸಂಜೆ ಕವಿದಾಗ ಅವನು ಯಾವ ಕಡೆ ನಿಂತನೆಂದು ತೋರಿಸಿದ್ದರೂ ಸಾಕಾಗಿತ್ತು. ಕನ್ನಡದಲ್ಲಿ ಇಂಥ ಕಥೆ ಮುಂದೆ ಬರುವುದಾದರೆ, ಅದನ್ನು ಬರೆಯುವವರು ದುಬಾರೆಗೆ ಹೋಗಿ ಆನೆಯನ್ನು ನೋಡಿದ ಮೇಲೆ, ಅದರ ಮಗ್ಗುಲಲ್ಲಿ ನಿಂತ ಮನುಷ್ಯನನ್ನೂ ಸ್ವಲ್ಪ ಹೊತ್ತು ನೋಡಿ ಬರಬೇಕೆಂದು ನಮ್ಮ ಸೂಚನೆ.